ಕೂಗಿ ಹೇಳುವ ಬಾಕ್ಸು, ಓಡಾಡುವ ಪುಟ್ಟಸಿದ್ದಮ್ಮ

ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಊಟಿ ಬಸ್ಸು ಹೊರಡುವ ಮೊದಲೇ ಅದರ ಕಿಟಕಿಗಳನ್ನೆಲ್ಲ ಮುಟ್ಟಿಬಿಡಬೇಕೆಂದು ಪುಟ್ಟಸಿದ್ದಮ್ಮ ಓಡುತ್ತಿದ್ದಾರೆ. ಕೊರಳಲ್ಲಿ ಕ್ಯೂಆರ್ ಕೋಡ್‌ನ ಕಾರ್ಡು, ಸೊಂಟದ ಚೀಲದಲ್ಲಿ ಅಂಗೈಯಗಲದ ಸೌಂಡ್ ಬಾಕ್ಸು. ಕಿಟಕಿಯಿಂದ ಒಂದು ಫೋನು ಹೊರಬರುತ್ತದೆ. 'ಇಪ್ಪತ್ತು ರೂಪಾಯಿ ಬಂದಿದೆ' ಎಂದು ಬಾಕ್ಸು ಕೂಗುತ್ತದೆ.

ಐವತ್ತೆರಡು ವರ್ಷದ ಪುಟ್ಟಸಿದ್ದಮ್ಮ ಎತ್ತುವ ಹಣ ತಮಗಲ್ಲ. ಸುತ್ತಲಿನ ಹಳ್ಳಿಗಳ ಕಿಡ್ನಿ ರೋಗಿಗಳನ್ನು ಡಯಾಲಿಸಿಸ್‌ಗೆಂದು ಚಾಮರಾಜನಗರಕ್ಕೆ ಪುಕ್ಕಟೆ ಕರೆದೊಯ್ಯುವ ಸೇವಾ ಸಂಸ್ಥೆಯೊಂದರ ವ್ಯಾನಿಗೆ. ಗಂಡ ಮೂಗಯ್ಯ ಡಯಾಲಿಸಿಸ್‌ಗೆಂದು ಎರಡು ವರ್ಷ ಅದೇ ವ್ಯಾನಿನಲ್ಲಿ ಓಡಾಡಿದ್ದರು. ಅವರು ತೀರಿಕೊಂಡ ಮೇಲೆ ಪುಟ್ಟಸಿದ್ದಮ್ಮ ಸಂಸ್ಥೆಯ ಹುಂಡಿ ಹಿಡಿದರು. ಬೆಳಿಗ್ಗೆ ಒಂಬತ್ತರವರೆಗೆ ಈ ಕೆಲಸ, ಆಮೇಲೆ ಅರಿಸಿನ ಹಸನು ಮಾಡುವ ಕೂಲಿ.

ಆರು ವರ್ಷ ಹುಂಡಿ ನಡೆಯಿತು. ಆಮೇಲೆ ಜನರ ಜೇಬಿನಲ್ಲಿ ಚಿಲ್ಲರೆಯೇ ಇಲ್ಲವಾಯಿತು. "ಮನ್ಸಿಲ್ದೆ ಅಲ್ಲ ಕಣಪ್ಪ. ಕೊಡ್ಬೇಕು ಅಂತ್ಲೇ ಜೇಬು ತಡಕೋರು. ಫೋನ್ ಬುಟ್ರೆ ಇನ್ನೇನೂ ಸಿಕ್ತಿರ್ನಿಲ್ಲ" ಎನ್ನುತ್ತಾರೆ. ಕಳೆದ ವರ್ಷ ಡೀಸೆಲ್‌ಗೆ ದುಡ್ಡು ಸಾಲದೆ, ವಾರಕ್ಕೆ ಮೂರು ಸಲ ಹೋಗುತ್ತಿದ್ದ ವ್ಯಾನು ಎರಡೇ ಸಲಕ್ಕೆ ಇಳಿಯಿತು. ಮೂರನೆಯ ಸರದಿ ತಪ್ಪಿದ ಪಕ್ಕದ ಬೀದಿಯ ಬಸವಮ್ಮನ ಕಾಲು ಊದಿಕೊಂಡಿದ್ದನ್ನು ಪುಟ್ಟಸಿದ್ದಮ್ಮ ಕಣ್ಣಾರೆ ಕಂಡರು.

ಆಗ ಸಂಸ್ಥೆಯ ಕಾರ್ಯದರ್ಶಿ ಚಂದ್ರಕುಮಾರ್ ಈ ಬಾಕ್ಸು ತಂದರು. ಅಕ್ಷರ ಬಾರದ ಪುಟ್ಟಸಿದ್ದಮ್ಮ ಕೈ ಹಿಂದಕ್ಕೆಳೆದುಕೊಂಡರು.

"ಕಣ್ಗೆ ಕಾಣ್ದಿರೋ ದುಡ್ಡು ಸಾ. ನಾನೇ ನುಂಗ್ಬುಟ್ಟೆ ಅಂದ್ರೆ?"

"ಊರ್ಗೆಲ್ಲ ಕೇಳೋ ಹಂಗೆ ಕೂಗ್ತದೆ ಕಣಕ್ಕ. ಯಾರ್ ಅಂದಾರು?"

ಮೊದಲ ದಿನ ಒಂದು ಗಂಟೆ ಬಾಕ್ಸು ಉಸಿರೆತ್ತಲಿಲ್ಲ. ನಾಚಿಕೆಯಾಗಿ ಅವರು ಕಾರ್ಡನ್ನು ಸೆರಗಿನಡಿ ಮುಚ್ಚಿಕೊಂಡರು. ಅದನ್ನು ಕಂಡ ಕೇರಳದ ಕೋಯಿಕ್ಕೋಡ್ ಬಸ್ಸಿನ ಡ್ರೈವರ್, "ಚೇಚೀ, ಅದು ಇಲ್ಲಿ ತೋರ್ಸಿ" ಎಂದು ಕರೆದು ಫೋನು ಹಿಡಿದ. 'ಐವತ್ತು ರೂಪಾಯಿ ಬಂದಿದೆ!' ಇಡೀ ಬಸ್ಸು ತಿರುಗಿ ನೋಡಿತು. ಒಂದರ ಹಿಂದೊಂದು ಹನ್ನೊಂದು ಫೋನುಗಳು ಹೊರಬಂದವು. "ಬೆಚ್ಚಿ ಬಿದ್ಬುಟ್ಟೆ! ಆಮೇಕೆ ನಗು ತಡ್ಯಕ್ಕೇ ಆಗ್ನಿಲ್ಲ" ಎಂದು ಅವರು ಈಗಲೂ ನಗುತ್ತಾರೆ.

ಹುಂಡಿಯಲ್ಲಿ ದಿನಕ್ಕೆ ಮುನ್ನೂರು ಬಿದ್ದರೆ ಹೆಚ್ಚು. ಈಗ ಸಾವಿರದ ಇನ್ನೂರಕ್ಕೆ ಕಡಿಮೆಯಿಲ್ಲ. ಗೋಪಾಲಸ್ವಾಮಿ ಬೆಟ್ಟಕ್ಕೆ ಜನ ಹೊರಡುವ ಭಾನುವಾರ ಅದರ ದುಪ್ಪಟ್ಟು. ಬಾಕ್ಸು ಬಂದ ನಾಲ್ಕನೆಯ ತಿಂಗಳಿಗೆ ವ್ಯಾನಿನ ಮೂರನೆಯ ಸರದಿ ಮತ್ತೆ ಶುರುವಾಯಿತು. ಅಂದು ಕೂಲಿ ಬಿಟ್ಟು ಪುಟ್ಟಸಿದ್ದಮ್ಮನೂ ವ್ಯಾನು ಹತ್ತಿದರು. "ಬಸವಮ್ಮ ಚಾಮರಾಜನಗರ ಬರಗಂಟ ನನ್ ಕೈ ಹಿಡ್ಕಂಡೇ ಕೂತಿದ್ಲು."

ಊಟಿ ಬಸ್ಸಿನ ಕಂಡಕ್ಟರ್ ಮಹದೇವಸ್ವಾಮಿ ಬಾಗಿಲಲ್ಲಿ ನಿಂತು ರೇಗಿಸುತ್ತಾನೆ: "ಅಕ್ಕೋ, ಬಾಕ್ಸ್‌ನ ಕಂಬಕ್ಕೆ ಕಟ್ಬುಟ್ಟು ಮನೇಗ್ ಓಗ್ಬಾರ್ದಾ? ಎಲ್ಲಾನೂ ಅದೇ ಕೂಗ್ತದಲ್ಲ!"

ಪುಟ್ಟಸಿದ್ದಮ್ಮ ಮುಂದಿನ ಬಸ್ಸಿನತ್ತ ಹೆಜ್ಜೆ ಹಾಕುತ್ತಲೇ ತಿರುಗುತ್ತಾರೆ.

"ಅದು ದುಡ್ ಬಂತು ಅಂತದೆ, ಅಷ್ಟೇಯ. ಕೊಟ್ಟೋರ್ಗೆ ಒಳ್ಳೇದಾಗ್ಲಿ ಅನ್ನಕ್ಕೆ ನಾನೇ ಬೇಕಲ್ಲಪ್ಪ."