ಮಲಕವ್ವನ ಬಾಣಂತಿ ನೀರು

ಮಲಕವ್ವ ಬಚ್ಚಲು ಹೊಕ್ಕಳೆಂದರೆ ಮನೆಯ ಯಜಮಾನನೂ ದನಿ ತಗ್ಗಿಸಬೇಕು. ಸೋನ್ಯಾಳದಲ್ಲಿ ಈಗ ಮೀಸೆ ತಿರುವಿಕೊಂಡು ಓಡಾಡುವ ಎಷ್ಟೋ ಗಂಡಸರು ಒಂದು ಕಾಲಕ್ಕೆ ಅವಳ ಚಾಚಿದ ಕಾಲ ಮೇಲೆ ಬೋರಲು ಬಿದ್ದು ಚೀರಿದವರೇ. ಬಾಣಂತಿಗೂ ಕೂಸಿಗೂ ನೀರು ಎರೆಯುವುದು ನಲವತ್ತು ವರ್ಷದಿಂದ ಅವಳ ಕಸುಬು. ಕೂಸಿಗೆ ನೀರು ಹದವಾಗಿದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ಅವಳ ಬಲಗೈ ಮಾತ್ರ. ಆ ಕೈ ಹೂಂ ಅಂದರೆ ಹೂಂ, ಉಳಿದವರೆಲ್ಲ ಬಾಯಿ ಮುಚ್ಚಿಕೊಂಡು ಟವೆಲ್ಲು ಹಿಡಿದು ನಿಲ್ಲಬೇಕು.

ಹೋದ ವರ್ಷ ಸಂತೆಯಿಂದ ಬರುವಾಗ ಅವಳ ಒಂದು ಚಪ್ಪಲಿ ದಾರಿಯಲ್ಲೇ ಕಳಚಿ ಉಳಿದಿತ್ತು. ಮನೆಗೆ ಬಂದ ಮೇಲೆ ಸೊಸೆ ಹೇಳಿದಾಗಲೇ ಅವಳಿಗೆ ಗೊತ್ತಾದದ್ದು. ಜತ್ತದ ಡಾಕ್ಟರು ಅಂಗಾಲಿಗೆ ಸೂಜಿ ಚುಚ್ಚಿದರೂ ಅವಳಿಗೆ ತಿಳಿಯದ್ದು ನೋಡಿ, "ಸಕ್ಕರಿ ಬ್ಯಾನಿ ಕಾಲಿಗೆ ಇಳದೈತಿ, ಕೈ ಕಡೀನೂ ಲಕ್ಷ್ಯ ಇರಲಿ" ಎಂದಿದ್ದರು. ಮಲಕವ್ವ ಮೂಗು ಮುರಿದಳು. ಕೈಯ ವಿಷಯ ಇವಳಿಗೆ ಹೇಳಿಕೊಡುವವರು ಇನ್ನೂ ಹುಟ್ಟಿರಲಿಲ್ಲ.

ಈಗ ಅವಳ ಜಗಳವೆಲ್ಲ ಶಿವಯೋಗೆಪ್ಪನ ಮನೆಯ ಗ್ಯಾಸ್ ಗೀಝರಿನ ಸಂಗಡ. ಶಿವಯೋಗೆಪ್ಪನ ಮಗಳು ಸೋನಾಲಿ ಹಡೆದು ಹದಿನಾಲ್ಕು ದಿನ. ಗೀಝರು ಹಿತ್ತಲ ಗೋಡೆಗೆ ತೂಗುಬಿದ್ದಿತ್ತು, ಪೈಪು ಗೋಡೆ ತೂರಿ ಬಚ್ಚಲಿಗೆ ಬಂದಿತ್ತು. ಮಲಕವ್ವ ನೀರು ಎರೆಯಲು ಬಂದ ಮೂರು ದಿನದಿಂದ ಅದೊಂದು ಚಾಳಿ ಹಿಡಿದಿತ್ತು. ನಾಲ್ಕು ತಂಬಿಗೆ ನೀರು ಬರುವಷ್ಟರಲ್ಲಿ ಉರಿ ತಾನೇ ಆರಿಹೋಗುವುದು, ಸ್ವಲ್ಪ ಹೊತ್ತು ತಣ್ಣಗಾದ ಮೇಲೆ ಮತ್ತೆ ಹೊತ್ತಿಕೊಳ್ಳುವುದು. ಮೂರು ದಿನವೂ ಬಾಣಂತಿಯ ಸ್ನಾನ ಅರ್ಧಕ್ಕೆ ನಿಂತಿತ್ತು. ನಾಲ್ಕನೆಯ ಬೆಳಗ್ಗೆ ಸೋನಾಲಿಯ ತಾಯಿ ಶಾಂತಾದೇವಿ ಫೋನು ಮಾಡಿ ಜತ್ತದಿಂದ ಮಿಸ್ತ್ರಿ ಕೃಷ್ಣಾನನ್ನು ಕರೆಸಿದಳು.

ಕೃಷ್ಣಾ ಮುಚ್ಚಳ ಬಿಚ್ಚಿದ, ನೀರು ಬಿಟ್ಟ, ನಿಲ್ಲಿಸಿದ, ಮತ್ತೆ ಬಿಟ್ಟ. ಆಮೇಲೆ ಬಚ್ಚಲ ಬಾಗಿಲಲ್ಲಿ ನಿಂತು ಕೇಳಿದ.

"ಆಯಿ, ನೀವು ನಳ ಸಣ್ಣ ಮಾಡ್ತೀರೇನು?"

"ಮಾಡದ ಏನ ಮಾಡ್ಲೋ ತಮ್ಮಾ? ಪೂರಾ ಬಿಟ್ರ ನೀರು ಬರೇ ಬೆಚ್ಚಗ ಬರ್ತಾವ. ಅವು ಬಾಣಂತಿ ನೀರೇನು?"

"ನೀರು ಸಣ್ಣ ಆದ್ರ ಉರಿ ಎಲ್ಲಾ ಅದಕ್ಕ ಹತ್ತತೈತ್ರಿ. ಮಿತಿ ಮೀರಿ ಕಾಯ್ದ್ರ ಈ ಸೆನ್ಸರು ತಾನ ಗ್ಯಾಸ್ ಬಂದ್ ಮಾಡ್ತೈತಿ. ಮಶೀನು ಚಲೋ ಐತಿ."

ಮಲಕವ್ವನಿಗೆ ಮೈ ಉರಿಯಿತು. ಹಾಗಾದರೆ ಕೆಟ್ಟದ್ದು ಯಾರು, ಅವಳೇ? "ಕಾಯೂದೇನು ಬಂತು, ಬೆಚ್ಚಗಾಗೂದ್ರಾಗ ಬಂದ್ ಆಗ್ತೈತಿ. ನಿನ್ನ ಸೆನ್ಸರಿಗೆ ಬಾಣಂತನ ಅಂದ್ರ ಗೊತ್ತೈತೇನು?" ಎಂದಳು.

ಸೋನಾಲಿ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಚಾದರ ಹೊದ್ದು ಒಳಕೋಣೆಯಲ್ಲಿ ನಡುಗುತ್ತಿದ್ದಳು. ಕೂಸು ಹಸಿದು ರಂಪ ಎಬ್ಬಿಸಿತ್ತು. ಶಾಂತಾದೇವಿಗೆ ತಲೆ ಚಿಟ್ಟು ಹಿಡಿಯಿತು. "ಆ ಸೆನ್ಸರು ತಗದು ವಾಯರ್ ಜೋಡಿಸಿಬಿಡೋ ಕೃಷ್ಣಾ. ಇವತ್ತೊಂದಿನ ಸ್ನಾನ ಮುಗೀಲಿ."

"ಬ್ಯಾಡ್ರಿ ಅಕ್ಕಾ. ಜೋಡಿಸಿದ್ರ ತಡ್ಯಾವ್ರು ಯಾರೂ ಇರಂಗಿಲ್ಲ."

"ತಡ್ಯಾಕ ನಾ ಇಲ್ಲೇನು?" ಎಂದಳು ಮಲಕವ್ವ.

ಇಬ್ಬರು ಹೆಂಗಸರು ಹಟಕ್ಕೆ ಬಿದ್ದರೆ ಒಬ್ಬ ಮಿಸ್ತ್ರಿಯ ಮಾತು ಎಷ್ಟು ಹೊತ್ತು ನಿಂತೀತು? ಕೃಷ್ಣಾ ಮನಸ್ಸಿಲ್ಲದ ಮನಸ್ಸಿನಿಂದ ಎರಡು ವಾಯರು ತಿರುಚಿ ಜೋಡಿಸಿದ. "ನಳ ಮಾತ್ರ ಪೂರಾ ಬಿಟ್ಟಿರಬೇಕ್ರಿ ಆಯಿ, ನಾ ಇಲ್ಲೇ ನಿಂತಿರ್ತೀನಿ" ಎಂದು ಎರಡೆರಡು ಸಲ ಹೇಳಿ ಹಿತ್ತಲಲ್ಲಿ ನಿಂತ.

ಮಲಕವ್ವ ಸೀರೆ ಮೊಣಕಾಲ ಮೇಲಕ್ಕೆ ಸರಿಸಿ, ಮಣೆಯ ಮೇಲೆ ಕಾಲು ಚಾಚಿ ಕುಳಿತಳು. ಶಾಂತಾದೇವಿ ಕೂಸನ್ನು ತಂದು ಅವಳ ತೊಡೆಯ ಮೇಲೆ ಬೋರಲು ಮಲಗಿಸಿ ಬಾಗಿಲಿಗೆ ಹೋಗಿ ನಿಂತಳು. ನಳ ಪೂರಾ ಬಿಟ್ಟಿತ್ತು. ಮಲಕವ್ವ ಬಕೀಟಿಗೆ ಕೈ ಅದ್ದಿದಳು. ಬೆಚ್ಚಗೂ ಇಲ್ಲ. ಸುಳ್ಳ ಮಿಸ್ತ್ರಿ, ಎಂದು ಮನಸ್ಸಿನಲ್ಲೇ ಬೈದು, ಬಕೀಟು ಬಗ್ಗಿಸಿ ಚೆಲ್ಲಿ, ನಳ ತಿರುವಿದಳು. ನೀರು ಬೆರಳಿನಷ್ಟು ಸಣ್ಣದಾಯಿತು. ಗೋಡೆಯಾಚೆ ಉರಿ ಭುಸುಗುಡುತ್ತಿತ್ತು, ಆರಲಿಲ್ಲ. ಮೂರು ದಿನದಲ್ಲಿ ಮೊದಲ ಸಲ ಆರಲಿಲ್ಲ! ಅವಳಿಗೆ ಗೆದ್ದಷ್ಟು ಖುಷಿಯಾಯಿತು. ಬಚ್ಚಲ ತುಂಬ ಹಬೆ ಏರಿ ಶಾಂತಾದೇವಿಯ ಮುಖವೇ ಕಾಣದಾಯಿತು.

ಹಿತ್ತಲಲ್ಲಿ ಕೃಷ್ಣಾನಿಗೆ ನೀರಿನ ಸಪ್ಪಳ ತೆಳುವಾದದ್ದು ಕೇಳಿಸಿತು. "ಆಯಿ! ನಳ ಬಿಡ್ರಿ, ನೀರು ಮುಟ್ಟಬ್ಯಾಡ್ರಿ!" ಎಂದು ಕೂಗಿದ.

ಮಲಕವ್ವ ಮತ್ತೆ ಕೈ ಅದ್ದಿದಳು. ಈಗ ಹದವಾಗಿ ಬೆಚ್ಚಗಿದೆ ಎಂದು ಕೈ ಹೇಳಿತು. ಮೊದಲ ತಂಬಿಗೆ ಯಾವತ್ತೂ ತನ್ನ ಪಾದಕ್ಕೆ, ಆಮೇಲೆ ಕೂಸಿಗೆ. ಅದು ಅವಳ ನೇಮ. ಸುರಿದುಕೊಂಡಳು. ಪಾದವೂ ಏನೂ ಅನ್ನಲಿಲ್ಲ. ಎರಡನೆಯ ತಂಬಿಗೆ ತುಂಬಿ ಕೂಸಿನ ಬೆನ್ನ ಮೇಲಕ್ಕೆ ತಂದಳು. ತಂಬಿಗೆಯ ಅಂಚಿನಿಂದ ಎರಡು ಹನಿ ಕೂಸಿನ ಮೀನಖಂಡಕ್ಕೆ ಬಿದ್ದವು.

ಕೂಸು ಚೀರಿತು.

ಹಸಿವಿನ ಅಳು, ಚಳಿಯ ಅಳು, ಸಾಬೂನು ಕಣ್ಣಿಗೆ ಹೋದ ಅಳು ಎಲ್ಲ ಮಲಕವ್ವನಿಗೆ ಗೊತ್ತು. ಇದು ಅವ್ಯಾವುದೂ ಅಲ್ಲ. ತಂಬಿಗೆಯನ್ನು ಬಲಕ್ಕೆ ದೂರ ಒಗೆದು ಕೂಸನ್ನು ಎದೆಗೆ ಅವಚಿಕೊಂಡಳು. ಶಾಂತಾದೇವಿ ಓಡಿಬಂದು ಕೂಸನ್ನು ಕಿತ್ತುಕೊಂಡಳು. ಕೃಷ್ಣಾ ಗ್ಯಾಸ್ ಬಂದ್ ಮಾಡಿ ಒಳಗೆ ಬಂದವನೇ ಬಕೀಟಿಗೆ ಬೆರಳು ತಾಗಿಸಿ ಹೌಹಾರಿ ಹಿಂದೆಗೆದ.

ಮಲಕವ್ವ ಅವನನ್ನೇ ನೋಡಿದಳು. ಆಮೇಲೆ ತನ್ನ ಕೈಯನ್ನು ಅದೇ ಬಕೀಟಿಗೆ ಇಳಿಸಿದಳು.

"ಬೆಚ್ಚಗೈತಲ್ಲೋ ತಮ್ಮಾ" ಎಂದಳು.

ಕೃಷ್ಣಾ ಅವಳ ಮೊಣಕೈ ಹಿಡಿದು ಮೇಲೆತ್ತಿದ. ಕೈ ಕೆಂಪಗೆ ಬೆಂದಿತ್ತು. ಪಾದದ ಮೇಲೆ ಬೊಕ್ಕೆ ಏಳುತ್ತಿದ್ದವು.

ಶಾಂತಾದೇವಿ ಕೂಸಿನ ಕಾಲಿಗೆ ತಣ್ಣೀರು ಹನಿಸುತ್ತ ಕುಳಿತಳು. ಎರಡು ಕೆಂಪು ಚುಕ್ಕೆ, ಅಷ್ಟೇ. ಕೃಷ್ಣಾ ವಾಯರು ಬಿಚ್ಚಿ ಸೆನ್ಸರನ್ನು ಇದ್ದಂತೆ ಜೋಡಿಸಿದ. "ತಪ್ಪು ನಂದ್ರಿ, ಜೋಡಿಸಬಾರದಿತ್ತು" ಎಂದ. ಮಲಕವ್ವನ ಕೈಕಾಲಿಗೆ ಒದ್ದೆ ಬಟ್ಟೆ ಸುತ್ತಿ, ಬೈಕಿನ ಹಿಂದೆ ಕೂರಿಸಿಕೊಂಡು ಜತ್ತದ ದವಾಖಾನೆಗೆ ಹೊರಟ.

ಊರು ದಾಟಿದ ಮೇಲೆ ಅವಳು ಅವನ ಹೆಗಲು ತಟ್ಟಿದಳು. "ಸೊರಡಿ ಕಡಿ ತಿರಗಿಸೋ."

"ಮೊದಲ ದವಾಖಾನಿ, ಆಯಿ."

"ನನಗ ನೋವಿಲ್ಲ. ಅದಕ್ಕ ಹೇಳಾಕತ್ತೇನಿ, ತಿರಗಿಸು."

ಮೂರು ತಿಂಗಳ ಹಿಂದೆ ಸೊರಡಿಯಲ್ಲಿ ಉಮಾಶ್ರೀ ಎಂಬವಳ ಬಾಣಂತನ ಮಾಡಿದ್ದಳು. ಅಲ್ಲಿ ತಾಮ್ರದ ಹಂಡೆ, ಕೆಳಗೆ ಕಟ್ಟಿಗೆ ಉರಿ. ಮಿತಿ ಮೀರಿದರೆ ಬಂದ್ ಮಾಡುವವರು ಯಾರೂ ಇರಲಿಲ್ಲ. ದಾರಿಯುದ್ದಕ್ಕೂ ಅವಳಿಗೆ ಅದೊಂದೇ ಭಯ.

ಉಮಾಶ್ರೀ ಕೂಸನ್ನು ಎತ್ತಿಕೊಂಡೇ ಬಾಗಿಲಿಗೆ ಬಂದಳು. "ಬರ್ರಿ ಆಯಿ, ಕುಂದ್ರಿ" ಎಂದವಳು ಸುತ್ತಿದ ಬಟ್ಟೆ ನೋಡಿ ಗಾಬರಿಯಾದಳು.

"ಕೂಸಿನ ಅಂಗಿ ಬಿಚ್ಚವ್ವಾ. ಬೆನ್ನು ನೋಡ್ತೀನಿ."

ಬೆನ್ನು ನುಣ್ಣಗಿತ್ತು. ತೊಡೆ, ಕಾಲು, ಎಲ್ಲೂ ಒಂದು ಕಲೆಯಿರಲಿಲ್ಲ. ಮಲಕವ್ವನಿಗೆ ಉಸಿರು ಬಂತು. "ಖರೇ ಹೇಳು. ನಾ ಎರೀತಿದ್ದ ನೀರು ಸುಡತಿತ್ತೇನು?"

ಉಮಾಶ್ರೀ ತಲೆ ತಗ್ಗಿಸಿದಳು. "ನೀವು ಸಾಬೂನು ತಗೊಳ್ಳಾಕ ಆ ಕಡಿ ತಿರಗಿದಾಗ ನಾನ ಎರಡು ತಂಬಗಿ ತಣ್ಣೀರು ಬೆರಸತಿದ್ದೆನ್ರಿ. ದಿನಾ. ನಿಮಗ ಹೆಂಗ ಹೇಳೂದು ಅಂತ ಸುಮ್ಮನಿದ್ದೆ."

ಅಷ್ಟು ದಿನ ತನ್ನ ಬಕೀಟಿನಲ್ಲೇ ನೀರು ಬದಲಾಗುತ್ತಿತ್ತು, ಒಂದು ದಿನವೂ ತನ್ನ ಕೈಗೆ ತಿಳಿಯಲಿಲ್ಲ. ಮಲಕವ್ವನಿಗೆ ಅಲ್ಲೇ, ಹೊಸ್ತಿಲಲ್ಲೇ, ಅಳು ಬಂತು.

"ಚಲೋ ಮಾಡಿದಿ ಮಗಳ, ಭಾಳ ಚಲೋ ಮಾಡಿದಿ. ಆದ್ರ ನನಗೂ ಒಂದು ಮಾತು ಹೇಳಬೇಕಿತ್ತವ್ವಾ" ಎಂದಳು. "ನಿನ್ನ ಮನಿ ಬಿಟ್ಟ ಮ್ಯಾಲ ನಾ ಇವತ್ತ ಮತ್ತೊಂದು ಕೂಸಿಗೆ ಇದ ಕೈಲೆ ಎರಿಯಾಕ ಹೋಗಿದ್ದೆ."