ಹೆಣದ ಗಾಡಿಯ ಸ್ವಿಚ್ಚು

ವಾಡಿಯಲ್ಲಿ ನನ್ನದು ಗಾಡಿಗಳ ವೈರಿಂಗ್ ಅಂಗಡಿ. ಒಂದು ಮುಂಜಾನೆ ಚಿತ್ತಾಪುರದ ಕಡೆಯ ಹಿರಿಯ ಡ್ರೈವರ್ ಒಬ್ಬರು ಹೆಣ ಸಾಗಿಸುವ ವ್ಯಾನ್ ತಂದು ನಿಲ್ಲಿಸಿದರು. ಕೈಯಲ್ಲಿ ಮನೆಗೆ ಹಾಕುವ ಎಲ್‌ಇಡಿ ಬಲ್ಬಿತ್ತು.

"ಇದನ್ನ ಹಿಂದ ಹಚ್ಚಿ ಕೊಡ್ರಿ."

"ಕಾಕಾ, ಇದು ಮನಿ ಕರೆಂಟಿನ ಬಲ್ಬ್. ಬ್ಯಾಟರಿದು ಹನ್ನೆರಡೇ ವೋಲ್ಟ್, ಇದು ಹತ್ತಂಗಿಲ್ಲ. ಗಾಡಿಗಂತನೇ ಬರೋ ಎಲ್‌ಇಡಿ ಹಾಕ್ತೀನಿ," ಅಂದೆ. ಅಷ್ಟಕ್ಕೇ ಬಿಡಬೇಕಿತ್ತು. "ಆದ್ರ ಸತ್ತವರಿಗೆ ಬೆಳಕ್ಯಾಕ?" ಅಂತ ಕೇಳಿಬಿಟ್ಟೆ.

"ಸತ್ತವರಿಗಲ್ರಿ, ಬಾಜೂಕ ಕುಂತು ಬರೋರಿಗೆ. ಒಳಗ ಕಿಡಕಿ ಇಲ್ಲ, ಹಗಲೂ ಕತ್ತಲಿರ್ತದ."

ಬ್ಯಾಟರಿಯಿಂದ ಫ್ಯೂಸ್ ಕೊಟ್ಟು ವೈರ್ ಎಳೆದು, ಛಾವಣಿಗೆ ದೀಪ ಕೂರಿಸಿ, ಎಲ್ಲ ಗಾಡಿಗಳಿಗೆ ಮಾಡುವಂತೆ ಸ್ವಿಚ್ಚನ್ನು ಸ್ಟೇರಿಂಗ್ ಪಕ್ಕ ಹಾಕಿದೆ. ಅವರು ಒಮ್ಮೆ ಹಚ್ಚಿ, ಆರಿಸಿ, ಬೇಡವೆಂದು ತಲೆಯಾಡಿಸಿದರು.

"ಸ್ವಿಚ್ ನನಗ ಬ್ಯಾಡ್ರಿ. ಹಿಂದ ಕುಂತವರ ಕೈಗೆ ಸಿಗೋಹಂಗ ಹಾಕ್ರಿ. ಹೋದವರ ಮಾರಿ ನೋಡಬೇಕನಿಸಿದ್ರ ಹಚ್ಚತಾರ, ಅಳಬೇಕನಿಸಿದ್ರ ಆರಸ್ತಾರ."

ಹಾಕಿದ ವೈರನ್ನು ಬಿಚ್ಚಿ ಹಿಂದಕ್ಕೆ ಎಳೆದೆ. ಸ್ವಿಚ್ಚು ಎಲ್ಲಿರಬೇಕೆಂದು ಇಷ್ಟು ವರ್ಷ ಗಿರಾಕಿಗಳಿಗೆ ನಾನೇ ಹೇಳಿಕೊಡುತ್ತಿದ್ದೆ.