ಸಾಗವಾನಿಯನ್ನು ಸೋಲಿಸಿದ ಕುರ್ಚಿ

ಗೆಳೆಯರೇ, ಇವತ್ತು ಮಾಟುಂಗದಲ್ಲಿ ಅಸಲಿ ಸಾಗವಾನಿಯನ್ನೇ ಸೋಲಿಸಿ ಬಂದೆ!

ಶೆಟ್ರು ಕಟ್ಟಿಸಲಿರುವ ಹೊಸ ಹೋಟೆಲಿನ ಮಾಡೆಲ್‌ಗೆ ಹೆಬ್ಬೆರಳುದ್ದದ ನಲವತ್ತು ಕುರ್ಚಿ ಬೇಕು. ಬಡಗಿ ಮೆಹಬೂಬ್ ಚಾಚಾ ಮಾದರಿಗೆಂದು ಸಾಗವಾನಿಯಲ್ಲೇ ಒಂದನ್ನು ಕೆತ್ತಿ, ನಿಜವಾದ ಚರ್ಮದ ಸೀಟು ಅಂಟಿಸಿ ತಂದಿದ್ದರು. ನನ್ನದು ರಟ್ಟಿನದು, ಮೇಲೆ ಪೋಸ್ಟರ್ ಬಣ್ಣ.

"ಅಸಲಿ ಸಾಗವಾನಿ ಮುಂದ ನಿಮ್ಮ ಬಣ್ಣ ನಿಂದರತೈತೇನ್ರಿ?" ಎಂದು ಚಾಚಾ ಶೆಟ್ರ ಬಾಗಿಲಲ್ಲೇ ನಕ್ಕರು.

ಯಾವುದು ಯಾರದೆಂದು ಹೇಳದೆ ಎರಡನ್ನೂ ಶೆಟ್ರ ಮುಂದಿಟ್ಟೆ. ಅಷ್ಟು ಪುಟ್ಟ ಕುರ್ಚಿಯಲ್ಲಿ ನಿಜವಾದ ಮರದ ಗೆರೆ ಹಗ್ಗದಷ್ಟು ದಪ್ಪ ಕಾಣುತ್ತದೆ. ನಾನು ಎರಡೇ ಕೂದಲಿನ ಕುಂಚದಲ್ಲಿ ಗೆರೆ ಎಳೆದಿದ್ದೆ. ಸೀಟಿನ ಅಂಚಿಗೆ, ಜನ ಕೂತು ಕೂತು ಸವೆದ ಚರ್ಮದ ತಿಳಿಗಂದು ಬಣ್ಣ ಕೊಟ್ಟಿದ್ದೆ.

ಶೆಟ್ರು ಕೇಳುತ್ತಿದ್ದ ಟ್ರಾನ್ಸಿಸ್ಟರ್ ರೇಡಿಯೋ ಆರಿಸಿ, ನನ್ನ ಕುರ್ಚಿಯನ್ನೇ ಎತ್ತಿಕೊಂಡರು. "ಇದು ಮರ ಮಾರಾಯ್ರೆ. ಅದು ಬರೀ ಪೇಂಟ್, ನೋಡಿದ್ರೇ ಗೊತ್ತಾಗ್ತದೆ."

ಚಾಚಾಗೆ ತಡೆಯಲಾಗಲಿಲ್ಲ. ಹೆಬ್ಬೆರಳನ್ನು ಒದ್ದೆ ಮಾಡಿ ನನ್ನ ಕುರ್ಚಿಗೆ ಉಜ್ಜಿ, ಕಂದು ಬಣ್ಣ ಹತ್ತಿದ ಬೆರಳು ತೋರಿಸಿದರು. "ಶೆಟ್ರ, ಇದು ಬಣ್ಣ ಐತ್ರಿ!"

"ಹೊಸ ಮರ ಅಲ್ವಾ, ಸ್ವಲ್ಪ ಬಣ್ಣ ಬಿಡ್ತದೆ," ಎಂದರು ಶೆಟ್ರು.

ಉಳಿದ ಮೂವತ್ತೊಂಬತ್ತರ ಆರ್ಡರೂ ನನಗೇ ಸಿಕ್ಕಿತು. ಷರತ್ತು ಒಂದೇ: ಎಲ್ಲವೂ ಇದೇ ಸಾಗವಾನಿಯಲ್ಲಿ ಆಗಬೇಕು, ಬಣ್ಣಗಿಣ್ಣ ಬಳಿಯಕೂಡದು.